ಮನೆ ಮುಂದಿನ ಪೈನ್ ಮರದ ತಲೆ ಕಡಿಸಬಹುದಾ?

ಪ್ರಶ್ನೆ: ದಾವಣಗೆರೆಯ ವಿದ್ಯಾನಗರದಲ್ಲಿ ನಮ್ಮ ಮನೆ. 30–40 ಸೈಟು. ಗೇಟಿನ ಪಕ್ಕ ಅಪ್ಪಾಜಿ ನೆಟ್ಟ ಪೈನ್ ಮರವಿದೆ. ಬೀದಿಯವರೆಲ್ಲ ಕ್ರಿಸ್‌ಮಸ್ ಟ್ರೀ ಅಂತಾರೆ. ಈಗ ಸುಮಾರು 35 ಅಡಿ ಆಗಿದೆ. ತುದಿ ದಕ್ಷಿಣಕ್ಕೆ, ಅಂದರೆ ಪಕ್ಕದ ಮನೆ ಕಡೆಗೆ, ಮೂರಡಿಯಷ್ಟು ವಾಲಿದೆ. ‘ಬೀಳೋ ಮೊದಲು ತಲೆ ಕಡಿಸಿಬಿಡಿ’ ಎಂದು ಆ ಮನೆಯ ಹಿರಿಯರು ಹೇಳುತ್ತಲೇ ಇರುತ್ತಾರೆ. ಕೆಳಗಿನ ಕೊಂಬೆಗಳು ಒಣಗಿ ಕಾರಿನ ಮೇಲೆ ಬೀಳುತ್ತವೆ. ಮರ ಕಡಿಯುವವರನ್ನು ಕೇಳಿದರೆ ‘ಅರ್ಧಕ್ಕೆ ಹೊಡೆದುಬಿಡೋಣ, ಮತ್ತೆ ದಟ್ಟಗೆ ಚಿಗುರುತ್ತೆ’ ಅಂದರು. ಹಿತ್ತಲಲ್ಲಿ ಊಟಿಯಿಂದ ತಂದ ಇನ್ನೊಂದು ಪೈನ್ ಗಿಡವಿದೆ. ಎದೆಯೆತ್ತರ ಇದೆ, ಬರೀ ಉದ್ದಕ್ಕೆ ಹೋಗುತ್ತಿದೆ, ಮೈ ತುಂಬಿಕೊಳ್ಳುತ್ತಿಲ್ಲ. ಎರಡನ್ನೂ ಯಾವಾಗ, ಹೇಗೆ ಸವರಬೇಕು? ಫೋಟೊಗಳನ್ನು ಕಳಿಸಿದ್ದೇನೆ.

ಉತ್ತರ: ತಲೆ ಕಡಿಸಬೇಡಿ. ಅರ್ಧಕ್ಕೆ ಹೊಡೆಯುವ ಮಾತಂತೂ ಬೇಡವೇ ಬೇಡ. ಒಣಗಿದ ಕೊಂಬೆಗಳನ್ನು ಈ ವಾರವೇ ತೆಗೆಸಿ, ಅದಕ್ಕೆ ಕಾಲ ನೋಡಬೇಕಿಲ್ಲ. ಹಿತ್ತಲಿನ ಗಿಡಕ್ಕೆ ಕತ್ತರಿಯೇ ಬೇಕಿಲ್ಲ, ಬೆರಳು ಸಾಕು. ಇನ್ನು ಇದಕ್ಕೆಲ್ಲ ಕಾರಣ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾಳೆ ಪಕ್ಕದ ಮನೆಯವರಿಗೆ ಉತ್ತರ ಕೊಡಬೇಕಾದವರು ನೀವು ಅಲ್ವಾ?

ನಿಮ್ಮ ಎರಡು ಮರಗಳು ಒಂದೇ ಕುಟುಂಬದವಲ್ಲ. ಗೇಟಿನ ಪಕ್ಕದ್ದು ಪೈನ್ ಅಲ್ಲ, ಅರೊಕೇರಿಯಾ. ಹಿತ್ತಲಿನದು ಮಾತ್ರ ನಿಜವಾದ ಪೈನ್. ಗುರುತಿಸುವುದು ಸುಲಭ. ಹಿತ್ತಲಿನ ಗಿಡದಿಂದ ಒಂದು ಸೂಜಿ ಎಲೆ ಕಿತ್ತು ನೋಡಿ. ಒಂಟಿಯಾಗಿ ಬರುವುದಿಲ್ಲ. ಬುಡದಲ್ಲಿ ಕಂದು ಬಣ್ಣದ ತೆಳು ಪೊರೆ ಸುತ್ತಿಕೊಂಡು ಮೂರು ಸೂಜಿ ಒಟ್ಟಿಗೆ ಬರುತ್ತವೆ. ಪೈನ್ ಜಾತಿಗಳಲ್ಲಿ ಸಾಮಾನ್ಯವಾಗಿ ಎರಡು, ಮೂರು ಅಥವಾ ಐದು ಸೂಜಿಗಳ ಕಟ್ಟು ಇರುತ್ತದೆ. ಗೇಟಿನ ಮರದಲ್ಲಿ ಇಂಥ ಕಟ್ಟುಗಳೇ ಇಲ್ಲ. ಸಣ್ಣ ಚೂಪಾದ ಎಲೆಗಳು ರೆಂಬೆಯ ಸುತ್ತ ಒತ್ತೊತ್ತಾಗಿ ಹೆಣೆದುಕೊಂಡಿರುತ್ತವೆ. ಅದಕ್ಕೇ ಅಲ್ಲಿ ಎಲೆ ಉದುರುವುದಿಲ್ಲ, ಇಡೀ ರೆಂಬೆಯೇ ಉದುರುತ್ತದೆ. ನಿಮ್ಮ ಕಾರಿನ ಮೇಲೆ ಬೀಳುತ್ತಿರುವುದು ಅದೇ.

ನರ್ಸರಿಗಳಲ್ಲಿ ಇದನ್ನು ‘ನಾರ್ಫೋಕ್ ಪೈನ್’ ಎಂದು ಮಾರುತ್ತಾರೆ. ನಾರ್ಫೋಕ್ ಎನ್ನುವುದು ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ನಡುವಿನ ಒಂದು ಪುಟ್ಟ ದ್ವೀಪ. ಆದರೆ ಹಾಗೆ ಮಾರುವ ಗಿಡಗಳಲ್ಲಿ ಬಹಳಷ್ಟು ಅದರ ನೆಂಟ, ನ್ಯೂ ಕ್ಯಾಲೆಡೋನಿಯಾ ದ್ವೀಪದ ‘ಕುಕ್ ಪೈನ್’. ಎಳೆಯದರಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ದೊಡ್ಡದಾದ ಮೇಲೆ ನಾರ್ಫೋಕ್ ಅಗಲಕ್ಕೆ ಹರಡಿ ಗೋಪುರದ ಆಕಾರಕ್ಕೆ ಬರುತ್ತದೆ, ಅಂತಸ್ತು ಅಂತಸ್ತಾಗಿ ಕೊಂಬೆಗಳು ಕಾಣುತ್ತವೆ. ಕುಕ್ ಪೈನ್ ಕಂಬದ ಹಾಗೆ ಸಪೂರವಾಗಿ ಏರುತ್ತದೆ, ತೊಗಟೆ ತೆಳು ಕಾಗದದಂತೆ ಸುರುಳಿಯಾಗಿ ಬಿಡುತ್ತದೆ. ನಿಮ್ಮ ಫೋಟೊದಲ್ಲಿ ಆ ಸುಲಿದ ತೊಗಟೆ ಚೆನ್ನಾಗಿ ಕಾಣುತ್ತಿದೆ. ಹಾಗಾಗಿ ನಿಮ್ಮದು ಕುಕ್ ಪೈನ್. ಇದರ ಹೆಸರು ಬಂದದ್ದು ಕ್ಯಾಪ್ಟನ್ ಜೇಮ್ಸ್ ಕುಕ್‌ನಿಂದ. 1774ರಲ್ಲಿ ಅವನ ಹಡಗು ಆ ದ್ವೀಪಗಳ ಕಡೆ ಹೋಗಿತ್ತು. ಈ ನೆಟ್ಟನೆಯ ಮರಗಳು ಹಡಗಿನ ಪಟಸ್ತಂಭಕ್ಕೆ ಆಗುತ್ತವೆ ಎಂದು ಅವರು ಲೆಕ್ಕ ಹಾಕಿದ್ದರು. ತವರಿನಲ್ಲಿ ಇದು ಸುಮಾರು 60 ಮೀಟರ್, ಅಂದರೆ 200 ಅಡಿಯವರೆಗೂ ಬೆಳೆಯುತ್ತದೆ. ಕುಂಡದಲ್ಲಿ ಎರಡಡಿ ಇದ್ದಾಗ ಮುದ್ದಾಗಿ ಕಾಣುತ್ತದೆ ಎಂದು ತಂದು ಗೇಟಿನ ಪಕ್ಕ ನೆಡುವವರು ಇದನ್ನು ಯೋಚಿಸಿರುವುದಿಲ್ಲ. ಅಪ್ಪಾಜಿಯವರ ಮೇಲೆ ದೂರಲ್ಲ ಇದು. ಅರ್ಧ ದಾವಣಗೆರೆಯಲ್ಲಿ ಇದೇ ಕಥೆ.

ಈಗ ವಾಲಿದ ವಿಷಯ. ಕುಕ್ ಪೈನ್‌ಗೆ ಒಂದು ವಿಚಿತ್ರ ಗುಣವಿದೆ: ಅದು ಭೂಮಧ್ಯರೇಖೆಯ ಕಡೆಗೆ ವಾಲುತ್ತದೆ. ಐದು ಖಂಡಗಳಲ್ಲಿ ಈ ಮರಗಳನ್ನು ಅಳೆದ ಸಂಶೋಧಕರು 2017ರಲ್ಲಿ ಇದನ್ನು ಪ್ರಕಟಿಸಿದರು. ಉತ್ತರ ಗೋಳಾರ್ಧದಲ್ಲಿರುವ ಮರಗಳು ದಕ್ಷಿಣಕ್ಕೆ, ದಕ್ಷಿಣ ಗೋಳಾರ್ಧದವು ಉತ್ತರಕ್ಕೆ ವಾಲಿರುತ್ತವೆ. ಸರಾಸರಿ ವಾಲು ಎಂಟೂವರೆ ಡಿಗ್ರಿ. ಭೂಮಧ್ಯರೇಖೆಯಿಂದ ದೂರ ಹೋದಷ್ಟೂ ವಾಲು ಜಾಸ್ತಿ. ನಮ್ಮ ದಾವಣಗೆರೆ ಇರುವುದು ಸುಮಾರು 14.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಭೂಮಧ್ಯರೇಖೆಗೆ ಹತ್ತಿರವೇ. ನಿಮ್ಮ 35 ಅಡಿ ಮರದ ತುದಿ ಮೂರಡಿ ಆಚೆ ಇದೆ ಎಂದರೆ ವಾಲು ಐದು ಡಿಗ್ರಿಯಷ್ಟು. ಅಂದರೆ ಮರ ಬೀಳುತ್ತಿಲ್ಲ, ತನ್ನ ಜಾತಿಯ ಸ್ವಭಾವದಂತೆ ಬೆಳೆಯುತ್ತಿದೆ. ಪಕ್ಕದ ಮನೆ ದಕ್ಷಿಣಕ್ಕಿರುವುದು ಅದರ ತಪ್ಪಲ್ಲ!

ಹಾಗಂತ ಎಲ್ಲ ವಾಲೂ ಸುರಕ್ಷಿತ ಎಂದು ಹೇಳುತ್ತಿಲ್ಲ. ಪಕ್ಕದ ಮನೆಯವರ ಭಯವನ್ನು ಸುಮ್ನೆ ತಳ್ಳಿಹಾಕಬೇಡಿ. ಮರದ ಉತ್ತರ ಬದಿಯ ಬುಡ ನೋಡಿ. ವಾಲಿದ ದಿಕ್ಕಿಗೆ ವಿರುದ್ಧ ಬದಿಯ ಬೇರುಗಳೇ ಮರವನ್ನು ಎಳೆದು ಹಿಡಿದಿರುತ್ತವೆ. ಅಲ್ಲಿ ಮಣ್ಣು ಬಿರುಕು ಬಿಟ್ಟಿದ್ದರೆ, ಉಬ್ಬಿ ಎದ್ದಿದ್ದರೆ, ಟೈಲ್ಸ್ ಹೊಸದಾಗಿ ಮೇಲೆದ್ದಿದ್ದರೆ ಅದು ಅಪಾಯದ ಗುರುತು. ಬುಡದಲ್ಲಿ ಅಣಬೆ ಎದ್ದಿದ್ದರೆ, ಕಾಂಡದಲ್ಲಿ ಉದ್ದಕ್ಕೆ ಸೀಳು ಇದ್ದರೆ, ಒಂದೇ ಮಳೆಗಾಲದಲ್ಲಿ ವಾಲು ಎದ್ದು ಕಾಣುವಷ್ಟು ಹೆಚ್ಚಾಗಿದ್ದರೆ ಆಗಲೂ ತಡ ಮಾಡಬಾರದು. ಇವು ಯಾವುವೂ ನಿಮ್ಮ ಫೋಟೊಗಳಲ್ಲಿ ಇಲ್ಲ. ಇನ್ನು ಮೇಲೆ ವರ್ಷಕ್ಕೊಮ್ಮೆ, ಫೆಬ್ರುವರಿಯಲ್ಲಿ, ರಸ್ತೆಯ ಒಂದೇ ಜಾಗದಲ್ಲಿ ನಿಂತು ಒಂದು ಫೋಟೊ ತೆಗೆದಿಡಿ. ಏಪ್ರಿಲ್–ಮೇ ತಿಂಗಳ ಬಿರುಗಾಳಿ ಮಳೆಗೆ ಮೊದಲೇ ಹೋದ ವರ್ಷದ ಫೋಟೊ ಜೊತೆ ಹೋಲಿಸಿ ನೋಡಬಹುದು. ಪಕ್ಕದ ಮನೆಯವರಿಗೂ ತೋರಿಸಿ. ಬಾಯಿ ಮಾತಿಗಿಂತ ಅದು ಒಳ್ಳೆಯದು.

ವಾಲನ್ನು ನೆಟ್ಟಗೆ ಮಾಡಲು ದಕ್ಷಿಣದ ಕೊಂಬೆಗಳನ್ನಷ್ಟೇ ಕಡಿಯುವುದು, ತಂತಿ ಕಟ್ಟಿ ಉತ್ತರಕ್ಕೆ ಎಳೆಯುವುದು, ಇವೆರಡನ್ನೂ ಮಾಡಬೇಡಿ. ಗಟ್ಟಿಯಾದ ಕಾಂಡ ಬಾಗಿ ಬರುವುದಿಲ್ಲ. ತಂತಿ ತೊಗಟೆಯೊಳಗೆ ಕಚ್ಚಿಕೊಂಡು ಹೋಗುತ್ತದೆ, ಅಷ್ಟೇ.

ಇನ್ನು ತಲೆ ಕಡಿಯುವ ಮಾತಿಗೆ ಬರೋಣ. ನನ್ನ ಮಟ್ಟಿಗೆ ನಿಮ್ಮ ಪ್ರಶ್ನೆಯ ತಿರುಳೇ ಇದು.

ನಮ್ಮ ಕಡೆ ಮರ ಸವರುವವರು ಕೆಲಸ ಕಲಿತದ್ದು ಬೇವು, ಹೊಂಗೆ, ಹುಣಸೆ, ಗುಲ್‌ಮೊಹರ್ ಮೇಲೆ. ಹಿರಿಯೂರು, ಹೊಸದುರ್ಗದ ಕಡೆಯವರಾದರೆ ದಾಳಿಂಬೆ ಚಾಟ್ನಿ, ಅಂದರೆ ಕೊಂಬೆ ಸವರುವ ಕೆಲಸ, ಮಾಡಿ ಪಳಗಿದ ಕೈ. ಈ ಮರಗಳ ತೊಗಟೆಯ ಕೆಳಗೆ ಎಲ್ಲೆಂದರಲ್ಲಿ ಮಲಗಿದ ಮೊಗ್ಗುಗಳಿರುತ್ತವೆ. ಎಲ್ಲಿ ಕಡಿದರೂ ಅಲ್ಲಿಂದ ಚಿಗುರು ಒಡೆಯುತ್ತದೆ. ಬೇವನ್ನು ಬೋಳಿಸಿ ಬಿಟ್ಟರೂ ಮುಂದಿನ ಬೇಸಿಗೆಗೆ ನೆರಳು ಕೊಡುತ್ತದೆ. ಆ ಅನುಭವದಿಂದಲೇ ಅವರು ‘ದಟ್ಟಗೆ ಚಿಗುರುತ್ತೆ’ ಅಂದದ್ದು. ಅವರ ಮಾತಿನಲ್ಲಿ ಮೋಸವಿಲ್ಲ, ಮರ ಬೇರೆ ಅಷ್ಟೇ.

ಇನ್ನೊಂದು ತುದಿಯಲ್ಲಿ ಚನ್ನಗಿರಿಯ ಅಡಿಕೆ ಇದೆ. ಅದಕ್ಕೆ ಇರುವುದು ಒಂದೇ ಸುಳಿ. ಸುಳಿ ಹೋದರೆ ಮರವೂ ಹೋಯಿತು. ಅಡಿಕೆಯ ತಲೆ ಕಡಿಯೋಣ ಎಂದು ಯಾರೂ ಹೇಳುವುದಿಲ್ಲ.

ಪೈನ್ ಮತ್ತು ಅರೊಕೇರಿಯಾ ಇವೆರಡರ ನಡುವೆ ಬರುತ್ತವೆ. ಸಾಯುವುದಿಲ್ಲ, ಆದರೆ ಕಡಿದಲ್ಲೆಲ್ಲ ಚಿಗುರುವುದೂ ಇಲ್ಲ. ನಿಜವಾದ ಪೈನ್‌ಗಳಲ್ಲಿ ಮೊಗ್ಗು ಇರುವುದು ಕುಡಿಯಲ್ಲಿ, ಮತ್ತು ಹಸಿರು ಸೂಜಿಗಳು ಇನ್ನೂ ಇರುವ ಭಾಗದಲ್ಲಿ. ಸೂಜಿ ಉದುರಿ ಬೋಳಾದ ಹಳೆಯ ಕೊಂಬೆಯನ್ನು ಅರ್ಧಕ್ಕೆ ಕಡಿದರೆ ಉಳಿದ ತುಂಡು ಹಾಗೆಯೇ ಒಣಗುತ್ತದೆ. ಬೆಂಕಿ ಬಿದ್ದರೂ ಕಾಂಡದಿಂದ ಚಿಗುರುವ ಕ್ಯಾನರಿ ದ್ವೀಪದ ಪೈನ್‌ನಂಥ ಕೆಲವು ಜಾತಿಗಳಿವೆ. ಆದರೆ ಅವು ಬೆರಳೆಣಿಕೆಯವು. ಪೈನ್‌ನ ತುದಿ ಮುರಿದರೆ ಕೆಳಗಿನ ಸುತ್ತಿನ ಒಂದೆರಡು ಕೊಂಬೆಗಳು ನಿಧಾನವಾಗಿ ಮೇಲಕ್ಕೆ ಬಾಗಿ ತುದಿಯ ಜಾಗ ಹಿಡಿಯುತ್ತವೆ.

ಅರೊಕೇರಿಯಾ ಅದನ್ನೂ ಮಾಡುವುದಿಲ್ಲ. ಅದರ ಅಡ್ಡ ಕೊಂಬೆ ಎಂದಿಗೂ ಅಡ್ಡ ಕೊಂಬೆಯೇ. ಪಕ್ಕದ ಕೊಂಬೆಯನ್ನು ಕತ್ತರಿಸಿ ಬೇರು ಬರಿಸಿ ನೆಟ್ಟರೂ ಆ ಗಿಡ ನೆಲದ ಮೇಲೆ ಅಡ್ಡಡ್ಡ ಬೆಳೆಯುತ್ತದೆಯೇ ಹೊರತು ಮೇಲೇಳುವುದಿಲ್ಲ. ನೆಟ್ಟನೆಯ ಮರ ಬೇಕೆಂದರೆ ಬೀಜದಿಂದ ಬೆಳೆಸಬೇಕು, ಇಲ್ಲವೇ ತುದಿಯ ಕುಡಿಯನ್ನೇ ನೆಡಬೇಕು. ಹೀಗಿರುವಾಗ 35 ಅಡಿ ಮರದ ತಲೆ ಹಾರಿಸಿದರೆ ಏನಾಗುತ್ತದೆ? ಕಡಿದ ಜಾಗದ ಕೆಳಗೆ ಕಾಂಡದಿಂದಲೇ ಎರಡು, ಮೂರು, ಕೆಲವೊಮ್ಮೆ ಇನ್ನೂ ಜಾಸ್ತಿ ಹೊಸ ತಲೆಗಳು ಏಳುತ್ತವೆ. ಪ್ರತಿಯೊಂದೂ ತಾನೇ ಮರ ಎನ್ನುವಂತೆ ಮೇಲಕ್ಕೆ ಓಡುತ್ತದೆ. ಅವು ಕಾಂಡದ ಒಳಗಿನಿಂದ ಬಲವಾಗಿ ಬಂದವಲ್ಲ, ಹೊರ ಪದರಕ್ಕೆ ಅಂಟಿಕೊಂಡವು. ಅವುಗಳ ನಡುವೆ ಕಡಿದ ಗಾಯ ಬಾಯಿ ತೆರೆದಿರುತ್ತದೆ. ಮಳೆ ನೀರು ನಿಂತು ಒಳಗೆ ಕೊಳೆಯುತ್ತದೆ. ಕೆಲವು ವರ್ಷಕ್ಕೆ ಮರ ಮತ್ತೆ ಮೊದಲಿನ ಎತ್ತರಕ್ಕೇ ಬರುತ್ತದೆ. ಆಗ ಒಂದು ಗಟ್ಟಿ ತಲೆಯ ಬದಲು ಕೊಳೆತ ಬುಡದ ಮೇಲೆ ನಿಂತ ಮೂರು ತಲೆಗಳು ನಿಮ್ಮ ಪಕ್ಕದ ಮನೆಯ ಮೇಲೆ ತೂಗುತ್ತಿರುತ್ತವೆ. ಇವತ್ತು ಇಲ್ಲದ ಅಪಾಯವನ್ನು ದುಡ್ಡು ಕೊಟ್ಟು ತಂದುಕೊಂಡ ಹಾಗೆ.

ನನ್ನ ಅಭಿಪ್ರಾಯ ಸ್ವಲ್ಪ ಕಠಿಣ ಅನಿಸಬಹುದು. ಆದರೂ ಹೇಳುತ್ತೇನೆ: ಈ ಮರ ಆ ಜಾಗಕ್ಕೆ ನಿಜವಾಗಿಯೂ ದೊಡ್ಡದಾಯಿತು ಎನಿಸಿದರೆ, ಅನುಮತಿ ಪಡೆದು ಬುಡಕ್ಕೇ ತೆಗೆಸಿ, ಪಾರಿಜಾತದಂಥ ಚಿಕ್ಕ ಮರ ನೆಡಿ. ಅರ್ಧ ಕಡಿದ ಕುಕ್ ಪೈನ್ ಚೆಂದಕ್ಕೂ ಇಲ್ಲ, ನೆಮ್ಮದಿಗೂ ಇಲ್ಲ. ನಿಮ್ಮ ಮರವನ್ನು ಈಗ ತೆಗೆಸುವ ಅಗತ್ಯ ನನಗೆ ಕಾಣುತ್ತಿಲ್ಲ.

ಕೆಳಗಿನ ಕೊಂಬೆಗಳು ಒಣಗುವುದಕ್ಕೆ ಬಹುಪಾಲು ಕಾರಣ ವಯಸ್ಸು ಮತ್ತು ನೆರಳು. ಮರ ಎತ್ತರವಾದಂತೆ ತಳದ ಕೊಂಬೆಗಳನ್ನು ತಾನೇ ಬಿಡುತ್ತದೆ. ಆದರೆ ನಿಮ್ಮ ಫೋಟೊದಲ್ಲಿ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಪಾರ್ಕಿಂಗ್ ಟೈಲ್ಸ್ ಕಾಂಡಕ್ಕೆ ತಾಗುವ ತನಕ ಹಾಕಿಸಿದ್ದೀರಿ. ಬೇರಿಗೆ ನೀರೂ ಇಲ್ಲ, ಗಾಳಿಯೂ ಇಲ್ಲ. ಮಾರ್ಚ್‌ನಿಂದ ಮೇವರೆಗೆ ಆ ಟೈಲ್ಸ್ ಮತ್ತು ಕಾಂಪೌಂಡ್ ಗೋಡೆಯಿಂದ ಏಳುವ ಝಳ ತಳದ ಕೊಂಬೆಗಳಿಗೇ ಮೊದಲು ಬಡಿಯುತ್ತದೆ. ಕಾಂಡದ ಸುತ್ತ ಮೂರಡಿಯಾದರೂ ಟೈಲ್ಸ್ ತೆಗೆಸಿ ಪಾತಿ ಬಿಡಿಸಿ. ಅಗೆಯುವಾಗ ಬೇರು ಕಡಿಯದಂತೆ ನೋಡಿಕೊಳ್ಳಿ, ವಾಲಿದ ಮರಕ್ಕೆ ಬೇರುಗಳೇ ಆಸರೆ. ಬೇಸಿಗೆಯಲ್ಲಿ ದಿನಾ ಒಂದು ತಂಬಿಗೆ ನೀರು ಚಿಮುಕಿಸುವುದಕ್ಕಿಂತ ಹತ್ತು ಹದಿನೈದು ದಿನಕ್ಕೊಮ್ಮೆ ಆಳಕ್ಕೆ ಇಳಿಯುವಂತೆ ನೀರು ಬಿಡಿ.

ಕಡಿಯುವ ರೀತಿ ಹೀಗೆ. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಸ್ವಲ್ಪ ಉಬ್ಬಿದ ಸುತ್ತು ಕಾಣುತ್ತದೆ. ಗಾಯವನ್ನು ಮುಚ್ಚುವ ತಾಕತ್ತು ಇರುವುದು ಆ ಉಬ್ಬಿನಲ್ಲಿ. ಗರಗಸ ಅದರ ಹೊರ ಅಂಚಿಗೆ ಬೀಳಬೇಕು. ಉಬ್ಬನ್ನೂ ಸೇರಿಸಿ ಕಾಂಡಕ್ಕೆ ಸಮವಾಗಿ ಕೆತ್ತಿದರೆ ಗಾಯ ದೊಡ್ಡದಾಗುತ್ತದೆ. ಬಟ್ಟೆ ನೇತುಹಾಕಲು ಗೂಟ ಬಿಟ್ಟ ಹಾಗೆ ಒಂದಡಿ ತುಂಡು ಬಿಟ್ಟರೆ ಅದು ಕೊಳೆತು ಒಳಕ್ಕೆ ದಾರಿ ಮಾಡುತ್ತದೆ. ಕೊಂಬೆ ಕೈಯ ಹೆಬ್ಬೆರಳಿಗಿಂತ ದಪ್ಪ ಇದ್ದು ಭಾರವಾಗಿದ್ದರೆ ಮೂರು ಸಲ ಗರಗಸ ಹಾಕಬೇಕು. ಮೊದಲು ಕಾಂಡದಿಂದ ಒಂದು ಗೇಣು ದೂರದಲ್ಲಿ ಕೆಳಗಿನಿಂದ ಮೂರನೇ ಒಂದು ಭಾಗ ಕೊಯ್ಯಿರಿ. ಆಮೇಲೆ ಅದಕ್ಕಿಂತ ಒಂದೆರಡು ಇಂಚು ಆಚೆ ಮೇಲಿನಿಂದ ಕೊಯ್ಯಿರಿ. ಕೊಂಬೆ ಮುರಿದು ಬೀಳುವಾಗ ಕಾಂಡದ ತೊಗಟೆ ಸುಲಿದುಕೊಂಡು ಹೋಗುವುದಿಲ್ಲ. ಕೊನೆಗೆ ಉಳಿದ ಮೋಟನ್ನು ಉಬ್ಬಿನ ಅಂಚಿಗೆ ನೀಟಾಗಿ ತೆಗೆಯಿರಿ. ಮಚ್ಚು ಬೇಡ. ಮಚ್ಚಿನ ಏಟು ಸೀಳುತ್ತದೆ, ಕೊಯ್ಯುವುದಿಲ್ಲ.

ಒಣಗಿದ ಕೊಂಬೆಯಾದರೆ ಅದರ ಬುಡದಲ್ಲಿ ಹಸಿರು ತೊಗಟೆ ಉಂಗುರದಂತೆ ಸುತ್ತಿಕೊಂಡಿರುತ್ತದೆ. ಆ ಜೀವಂತ ಭಾಗಕ್ಕೆ ಗರಗಸ ತಾಗಬಾರದು, ಒಣ ಭಾಗವನ್ನು ಮಾತ್ರ ತೆಗೆಯಿರಿ.

ಕಡಿದ ಮೇಲೆ ಟಾರು, ಪೇಂಟು, ಸಗಣಿ ಬಳಿಯುವ ರೂಢಿ ಇದೆ. ಬೇಡ. ಅಮೆರಿಕದ ಅರಣ್ಯ ಇಲಾಖೆಯ ಅಲೆಕ್ಸ್ ಶೈಗೊ ಎಂಬ ವಿಜ್ಞಾನಿ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ, ಗಾಯದ ಒಳಗೆ ಏನಾಗುತ್ತದೆ ಎಂದು ನೋಡಿದವರು. ಮರ ಗಾಯವನ್ನು ವಾಸಿ ಮಾಡಿಕೊಳ್ಳುವುದಿಲ್ಲ, ಗೋಡೆ ಕಟ್ಟಿ ಒಳಗೇ ಮುಚ್ಚಿಹಾಕುತ್ತದೆ ಎಂದು ತೋರಿಸಿದರು. ಬಣ್ಣ ಬಳಿದರೆ ಕೊಳೆಯುವುದು ನಿಲ್ಲುವುದಿಲ್ಲ ಎಂಬುದೂ ಅವರ ಕೆಲಸದಿಂದಲೇ ಗೊತ್ತಾಯಿತು. ದಾಳಿಂಬೆಗೆ ಬೋರ್ಡೊ ಪೇಸ್ಟ್ (ಮೈಲುತುತ್ತ, ಸುಣ್ಣದ ಲೇಪ) ಹಚ್ಚುವುದಕ್ಕೆ ಅದರದೇ ಕಾರಣಗಳಿವೆ, ಅದನ್ನು ಇಲ್ಲಿಗೆ ತರಬೇಡಿ. ಈ ಮರಗಳಿಗೆ ತಮ್ಮದೇ ಅಂಟು ಇದೆ. ಕೊಯ್ದ ತಕ್ಷಣ ಒಸರಿ ಗಾಯವನ್ನು ಮುಚ್ಚುತ್ತದೆ. ಆ ಅಂಟು ಕೈಗೆ ಹತ್ತಿದರೆ ಸೋಪಿಗೆ ಹೋಗುವುದಿಲ್ಲ, ಮೊದಲು ಅಡುಗೆ ಎಣ್ಣೆ ತಿಕ್ಕಿ. ಗರಗಸಕ್ಕೆ ಸೀಮೆಎಣ್ಣೆ ಬಟ್ಟೆ ಸಾಕು.

ಹಸಿರು ಕೊಂಬೆ ಎಷ್ಟು ತೆಗೆಯಬಹುದು? ಕಾರಿಗೆ ಮತ್ತು ಗೇಟಿಗೆ ಅಡ್ಡ ಬರುವಷ್ಟು ಮಾತ್ರ. ಒಂದು ವರ್ಷಕ್ಕೆ ತಳದ ಒಂದು ಸುತ್ತು ಸಾಕು. ಮರದ ಎತ್ತರದಲ್ಲಿ ಮೂರನೇ ಎರಡು ಭಾಗದಲ್ಲಾದರೂ ಕೊಂಬೆ ಉಳಿದಿರಬೇಕು. ನಿಮ್ಮ 35 ಅಡಿಯಲ್ಲಿ ಮೇಲಿನ 23–24 ಅಡಿಗೆ ಕೈ ಹಾಕುವಂತಿಲ್ಲ ಎಂದಾಯಿತು. ಕೆಲವರು ‘ಗಾಳಿ ಹಾಯಲಿ’ ಎಂದು ತಳದಿಂದ ಎಲ್ಲ ಕೊಂಬೆ ತೆಗೆಸಿ ತುದಿಯಲ್ಲಿ ಒಂದು ಕುಚ್ಚು ಬಿಡುತ್ತಾರೆ. ಆಗ ಭಾರವೆಲ್ಲ ಮೇಲೆ ಸೇರುತ್ತದೆ, ಬಿರುಗಾಳಿಗೆ ಮರ ಇನ್ನೂ ಜಾಸ್ತಿ ತೂಗಾಡುತ್ತದೆ. ಅರೊಕೇರಿಯಾದ ಕೊಂಬೆಯನ್ನು ತೆಗೆದರೆ ಪೂರ್ತಿ ತೆಗೆಯಿರಿ. ಉದ್ದವಾಯಿತೆಂದು ಅರ್ಧಕ್ಕೆ ಕತ್ತರಿಸಿದರೆ ಅದು ಹಳೆಯ ಅಂದಕ್ಕೆ ಮತ್ತೆ ಬರುವುದಿಲ್ಲ.

ಕುಕ್ ಪೈನ್‌ನ ಕಾಂಡದ ಮೇಲೆ ಅಲ್ಲಲ್ಲಿ ಪುಟ್ಟ ಹಸಿರು ಕುಚ್ಚುಗಳು ಏಳುತ್ತವೆ. ಕೆಲಸದವರು ಅದನ್ನು ವಾಟರ್ ಶೂಟ್, ಅಂದರೆ ಬೇಡದ ಚಿಗುರು, ಎಂದುಕೊಂಡು ಕೆರೆದು ಹಾಕುತ್ತಾರೆ. ಹಾಗೆ ಮಾಡಲು ಬಿಡಬೇಡಿ. ಉದುರಿದ ಕೊಂಬೆಗಳ ಜಾಗದಲ್ಲಿ ಮರ ಹಾಕಿಕೊಳ್ಳುತ್ತಿರುವ ಹೊಸ ಕೊಂಬೆಗಳು ಅವು. ಈ ಮರ ಕಂಬದಂತೆ ಕೊನೆಯತನಕ ಹಸಿರಾಗಿ ಕಾಣುವುದೇ ಅವುಗಳಿಂದ. ನಾರ್ಫೋಕ್ ಪೈನ್‌ಗೆ ಈ ಅನುಕೂಲ ಇಲ್ಲ. ಅಲ್ಲಿ ಹೋದ ತಳದ ಕೊಂಬೆ ಹೋಯಿತು.

ಹಸಿರು ಕೊಂಬೆ ತೆಗೆಯಲು ನಮ್ಮ ಹವೆಗೆ ಡಿಸೆಂಬರ್–ಜನವರಿ ಒಳ್ಳೆಯದು. ಮಳೆ ಇರುವುದಿಲ್ಲ, ಬಿಸಿಲೂ ಸುಡುವುದಿಲ್ಲ. ಮಾರ್ಚ್ ನಂತರ ಬೇಡ, ನೆರಳಲ್ಲಿದ್ದ ತೊಗಟೆ ಒಮ್ಮೆಲೇ ಬಿಸಿಲಿಗೆ ಬಿದ್ದು ಸುಡುತ್ತದೆ.

ಈಗ ಹಿತ್ತಲಿನ ಪೈನ್. ಸೂಜಿಗಳು ಉದ್ದವಾಗಿ, ಕೆಳಕ್ಕೆ ಜೋತುಬಿದ್ದಿವೆ. ಇದು ಪ್ಯಾಟುಲಾ ಪೈನ್. ತವರು ಮೆಕ್ಸಿಕೊದ ಬೆಟ್ಟಗಳು. ನೀಲಗಿರಿಯಲ್ಲಿ ಇದನ್ನು ನೆಟ್ಟು ಬೆಳೆಸಿದ್ದಾರೆ. ದಕ್ಷಿಣ ಭಾರತದ ಕಾಡಿನಲ್ಲಿ ತಾನಾಗಿ ಬೆಳೆಯುವ ಪೈನ್ ಒಂದೂ ಇಲ್ಲ. ನಮ್ಮ ದೇಶದ ಪೈನ್‌ಗಳೆಲ್ಲ ಹಿಮಾಲಯ ಮತ್ತು ಈಶಾನ್ಯದ ಕಡೆಯವು. ಪ್ರಾಮಾಣಿಕವಾಗಿ ಹೇಳಬೇಕೆಂದರೆ 2,200 ಮೀಟರ್ ಎತ್ತರದ ಊಟಿಯ ಗಿಡಕ್ಕೆ ಸುಮಾರು 600 ಮೀಟರ್‌ನ ದಾವಣಗೆರೆಯ ಏಪ್ರಿಲ್ ಕಷ್ಟವೇ. ಸೊರಗಿರುವುದಕ್ಕೆ ಅರ್ಧ ಕಾರಣ ಇದು. ಅದಕ್ಕೆ ಮಧ್ಯಾಹ್ನದ ನಂತರ ಗೋಡೆಯ ನೆರಳು ಬೀಳುವಂತಿದ್ದರೆ, ಬುಡಕ್ಕೆ ಒಣ ಎಲೆಯ ಹೊದಿಕೆ ಇದ್ದರೆ ಸ್ವಲ್ಪ ತಡೆದುಕೊಳ್ಳುತ್ತದೆ. ಬಯಲು ಸೀಮೆಯಲ್ಲಿ ಪೈನ್ ಬೇಕೇ ಬೇಕು ಅನ್ನುವವರಿಗೆ ಕ್ಯಾರಿಬಿಯನ್ ಪೈನ್ ಇದಕ್ಕಿಂತ ವಾಸಿ. ಅದು ಬಿಸಿ ನಾಡಿನದೇ.

ಇನ್ನೊಂದು ಗುಟ್ಟು ಬೇರಿನಲ್ಲಿದೆ. ಪೈನ್‌ನ ಬೇರಿಗೆ ಜೊತೆಗಾರ ಶಿಲೀಂಧ್ರ ಬೇಕು. ಅದು ಬೇರನ್ನು ಸುತ್ತಿಕೊಂಡು ರಂಜಕ ಮತ್ತು ನೀರು ಒದಗಿಸುತ್ತದೆ. ಪೈನ್ ಇಲ್ಲದ ದೇಶಗಳಲ್ಲಿ ಮೊದಲು ನೆಟ್ಟ ಸಸಿಗಳು ಹಳದಿಯಾಗಿ ಕುಳ್ಳಗೆ ಉಳಿದಿದ್ದವು. ಹಳೆಯ ಪೈನ್ ತೋಪಿನ ಮಣ್ಣು ತಂದು ಹಾಕಿದ ಮೇಲೆ ಎದ್ದವು. ಊಟಿಯಿಂದ ತರುವಾಗ ಬೇರಿನ ಮಣ್ಣು ತೊಳೆದು ಕೆಂಪು ಮಣ್ಣಿನ ಕುಂಡಕ್ಕೆ ಹಾಕಿದ್ದರೆ ನಿಮ್ಮ ಗಿಡಕ್ಕೂ ಆ ಜೊತೆಗಾರ ತಪ್ಪಿಹೋಗಿರಬಹುದು. ಮತ್ತೆ ಆ ಕಡೆ ಹೋದರೆ ನರ್ಸರಿಯವರನ್ನು ಕೇಳಿ, ದೊಡ್ಡ ಪೈನ್ ಬುಡದ ಒಂದೆರಡು ಹಿಡಿ ಮಣ್ಣು ತನ್ನಿ.

ಮೈ ತುಂಬಿಸುವುದು ಹೇಗೆಂದರೆ, ಹೊಸ ಚಿಗುರು ಬರುವ ಕಾಲ ಕಾಯಿರಿ. ಪೈನ್‌ನ ಚಿಗುರು ಮೊದಲು ಎಲೆಯಿಲ್ಲದ ತಿಳಿ ಬಣ್ಣದ ಕಡ್ಡಿಯಾಗಿ ನೆಟ್ಟಗೆ ಏಳುತ್ತದೆ. ತೋಟಗಾರರು ಇದಕ್ಕೆ ಕ್ಯಾಂಡಲ್ ಅಂತಾರೆ. ಅದು ಎರಡು ಮೂರು ಇಂಚು ಆಗಿ, ಸೂಜಿಗಳು ಇನ್ನೂ ಬಿಚ್ಚಿಕೊಳ್ಳುವ ಮೊದಲೇ, ಅರ್ಧ ಭಾಗವನ್ನು ಬೆರಳಿನಿಂದ ಚಿವುಟಿ. ಚಟ್ ಅಂತ ಮುರಿಯುತ್ತದೆ. ಕತ್ತರಿ ಹಾಕಿದರೆ ಪಕ್ಕದ ಸೂಜಿಗಳ ತುದಿಯೂ ಕತ್ತರಿಸಿ ಕಂದಾಗುತ್ತದೆ. ಚಿವುಟಿದ ಕೆಳಗೆ ಹೊಸ ಮೊಗ್ಗುಗಳು ಕಟ್ಟುತ್ತವೆ, ಮುಂದಿನ ಸಲ ಒಂದು ಕುಡಿಯ ಜಾಗದಲ್ಲಿ ಮೂರು ನಾಲ್ಕು ಕುಡಿ. ನಡುವಿನ ತುದಿ ಕುಡಿಯನ್ನು ಮಾತ್ರ ಕಡಿಮೆ ಚಿವುಟಿ, ಸುತ್ತಲಿನವಕ್ಕಿಂತ ಅದು ಎತ್ತರ ಇರಲಿ. ಚಿಗುರು ಬರುವ ತಿಂಗಳನ್ನು ನಾನು ಬರೆಯುತ್ತಿಲ್ಲ. ತಣ್ಣಗಿನ ದೇಶಗಳಲ್ಲಿ ವಸಂತಕ್ಕೊಮ್ಮೆ ಬರುವ ಕುಡಿ ನಮ್ಮಲ್ಲಿ ನೀರು, ಸೆಕೆ ನೋಡಿಕೊಂಡು ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಬರಬಹುದು. ಕ್ಯಾಲೆಂಡರ್ ಬಿಟ್ಟು ಗಿಡ ನೋಡಿ. ಗಿಡ ಸೊರಗಿರುವಾಗ ಎಲ್ಲ ಕುಡಿಗಳನ್ನೂ ಒಟ್ಟಿಗೆ ಚಿವುಟಬೇಡಿ, ಮೊದಲು ಅದು ಚೇತರಿಸಿಕೊಳ್ಳಲಿ.

ತುದಿಯಲ್ಲಿ ಎರಡು ತಲೆ ಸಮಸಮ ಬೆಳೆಯುತ್ತಿದ್ದರೆ ಒಂದನ್ನು ಈಗಲೇ ತೆಗೆಯಿರಿ. ತುದಿ ಮುರಿದುಹೋದರೆ ಮೇಲಿನ ಸುತ್ತಿನ ಬಲವಾದ ಕೊಂಬೆಯೊಂದನ್ನು ಬಿದಿರು ಕಡ್ಡಿಗೆ ಸಡಿಲವಾಗಿ ಕಟ್ಟಿ ನಿಲ್ಲಿಸಿ. ಒಳಗಿನ ಹಳೆಯ ಸೂಜಿಗಳು ಹಳದಿಯಾಗಿ ಉದುರುವುದು ಸಹಜ. ಕುಡಿಯ ಹೊಸ ಸೂಜಿಗಳೇ ಹಳದಿಯಾದರೆ ಮಾತ್ರ ಚಿಂತಿಸಿ.

ಇದೇ ಥರದ ಇನ್ನೆರಡು ಮರಗಳ ಬಗ್ಗೆಯೂ ಓದುಗರು ಕೇಳುತ್ತಿರುತ್ತಾರೆ. ಹೊಲದ ಬದುವಿನ ಗಾಳಿಮರ ನೋಡಲು ಪೈನ್ ಥರ ಇದ್ದರೂ ಹೂಬಿಡುವ ಮರ. ಸೂಜಿಯಂತೆ ಕಾಣುವುದು ಗೆಣ್ಣು ಗೆಣ್ಣಾದ ರೆಂಬೆ. ಅದನ್ನು ಬೇಲಿಯ ಹಾಗೆ ಕತ್ತರಿಸಿದರೂ ತಡೆಯುತ್ತದೆ. ಮೋರ್‌ಪಂಖಿ ಅಥವಾ ಥೂಜಾ ಹಾಗಲ್ಲ, ಹೊರಗಿನ ಹಸಿರನ್ನು ಮಾತ್ರ ಹಗುರಾಗಿ ಕತ್ತರಿಸಬೇಕು. ಒಳಗಿನ ಕಂದು ಭಾಗದವರೆಗೆ ಹೋದರೆ ಅಲ್ಲಿ ತೂತು ಹಾಗೇ ಉಳಿಯುತ್ತದೆ.

ಕೊನೆಯದಾಗಿ ಕೆಲಸ ಮಾಡಿಸುವ ಬಗ್ಗೆ. ಕುಕ್ ಪೈನ್‌ನ ಕೊಂಬೆ ಸಣ್ಣದು, ಮನುಷ್ಯನ ಭಾರ ತಡೆಯುವುದಿಲ್ಲ. ಅದರ ಮೇಲೆ ಕಾಲಿಟ್ಟು ಯಾರೂ ಹತ್ತದಿರಲಿ. ಏಣಿ ಮತ್ತು ಹಗ್ಗ ಇರುವವರನ್ನೇ ಕರೆಸಿ, ಕಾಂಡಕ್ಕೆ ಮೊಳೆ ಹೊಡೆಯಲು ಬಿಡಬೇಡಿ. ಫೋಟೊದಲ್ಲಿ ರಸ್ತೆ ಬದಿಯ ಕರೆಂಟ್ ಲೈನ್ ಕೊಂಬೆಗೆ ಹತ್ತಿರವೇ ಕಾಣುತ್ತಿದೆ. ಆ ಬದಿಗೆ ಕೈ ಹಾಕುವ ಮೊದಲು ಬೆಸ್ಕಾಂನ 1912ಕ್ಕೆ ಫೋನ್ ಮಾಡಿ ಲೈನ್ ಆಫ್ ಮಾಡಿಸಿ. ಹಸಿ ಕೊಂಬೆಯಲ್ಲೂ ಕರೆಂಟ್ ಹರಿಯುತ್ತದೆ. ಮುಂದೆಂದಾದರೂ ಮರ ಪೂರ್ತಿ ತೆಗೆಸುವುದಾದರೆ ಅದು ನಿಮ್ಮ ಸೈಟಿನಲ್ಲೇ ಇದ್ದರೂ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976 ಅನ್ವಯಿಸುತ್ತದೆ. ಮೊದಲು ಅರಣ್ಯ ಇಲಾಖೆಯ ವೃಕ್ಷಾಧಿಕಾರಿಗೆ ಅರ್ಜಿ ಕೊಡಿ. ಕಡಿದ ಒಣ ಕೊಂಬೆಗಳನ್ನು ಕಾಂಪೌಂಡ್ ಒಳಗೆ ರಾಶಿ ಹಾಕಿ ಇಟ್ಟುಕೊಳ್ಳಬೇಡಿ. ಅದರಲ್ಲಿ ಅಂಟು ಜಾಸ್ತಿ. ದೀಪಾವಳಿಯ ಒಂದು ರಾಕೆಟ್ ಬಿದ್ದರೂ ಭಗ್ ಅಂತ ಹತ್ತಿಕೊಳ್ಳುತ್ತದೆ.